ಬಣ್ಣದ ಮಾಮ ಅಳಿಸಿದ ರಾಣಿ

ನಾಟಕ ಮಂಡಳಿಯಲ್ಲಿ ನಟರ ಮುಖಕ್ಕೆ ಬಣ್ಣ ಹಚ್ಚುವವನನ್ನು ಎಲ್ಲರೂ ಬಣ್ಣದ ಮಾಮ ಎಂದೇ ಕರೆಯುತ್ತಿದ್ದರು. ಕೆಲಸ ಕಲಿಸಿದವನು ಅವನ ಸೋದರಮಾವ. ರಾಜ, ರಾಣಿ, ಖಳ, ಮುದುಕ, ವಿದೂಷಕ, ಇಷ್ಟು ಮುಖಗಳನ್ನು ಕೈಗೆ ಕೂರಿಸಿಕೊಟ್ಟು ಆ ಹಿರಿಯ ಕಣ್ಣು ಮುಚ್ಚಿದ್ದ. ರಾಣಿಗೆ ಬಿಲ್ಲಿನಂಥ ಹುಬ್ಬು, ಖಳನಿಗೆ ಕೂಡುಹುಬ್ಬು, ಮುದುಕನ ಹಣೆಗೆ ಗೆರೆ. ಪಾತ್ರದ ಹೆಸರು ಕಿವಿಗೆ ಬಿದ್ದರೆ ಸಾಕು, ಮಾಮನ ಕೈ ತಾನಾಗಿಯೇ ಹೊರಡುತ್ತಿತ್ತು. ಕುರ್ಚಿಯಲ್ಲಿ ಕೂತವರು ಯಾರೆಂದು ಅವನು ನೋಡುತ್ತಲೂ ಇರಲಿಲ್ಲ.

ಹೊಸದಾಗಿ ಬಂದ ನಿರ್ದೇಶಕಿಯ ನಾಟಕದಲ್ಲಿ ಪಾತ್ರಗಳಿಗೆ ಹೆಸರೂ ಇಲ್ಲ, ಅಂತಸ್ತೂ ಇಲ್ಲ. ಒಬ್ಬ ಹೆಂಗಸು, ಒಂದು ಬಾಗಿಲು, ಆಚೆಯಿಂದ ಯಾರೋ ಬಡಿಯುತ್ತಿರುತ್ತಾರೆ.

"ಮೇಡಂ, ಈ ಹೆಂಗಸು ಒಳ್ಳೆಯವಳೋ ಕೆಟ್ಟವಳೋ?"

"ನಂಗೂ ಗೊತ್ತಿಲ್ಲ ಮಾಮ."

"ಬಡವಳೋ ಸಾಹುಕಾರ್ತಿಯೋ, ಅದಾದ್ರೂ ಹೇಳಿ."

"ಪಾರ್ಟ್ ಮಾಡೋ ಹುಡುಗಿ ಮುಖ ನೋಡಿ, ಏನು ಕಾಣ್ಸುತ್ತೋ ಅದನ್ನ ಹಚ್ಚಿ. ನಾಳೆ ಮೊದಲ ಆಟ. ಆಗ್ಲಿಲ್ಲ ಅಂದ್ರೆ ಬೇಜಾರಿಲ್ಲ, ಬರಿ ಮುಖದಲ್ಲೇ ಆಡಿಸ್ತೀನಿ. ಇನ್ಮುಂದೆ ಎಲ್ಲಾ ನಾಟಕಾನೂ ಹಾಗೇ."

ಅವಳು ಮೆಲ್ಲಗೇ ಹೇಳಿದ್ದಳು. ಮಾಮನಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಬರಿ ಮುಖದಲ್ಲಿ ಆಡುವ ಮಂಡಳಿಗೆ ಬಣ್ಣದವನು ಯಾಕೆ ಬೇಕು?

ಮನೆಯಲ್ಲಿ ಹೆಂಡತಿ ಕೇಳಿದಳು: "ಯಾಕ್ರೀ, ಇಂಗು ತಿಂದ ಮಂಗನ ಹಾಗೆ ಕೂತಿದೀರಿ?"

"ನಂಗೆ ಕೆಲಸ ಬರಲ್ಲ ಕಣೆ."

"ಈಗ ಗೊತ್ತಾಯ್ತಾ?"

ಅವನು ನಗಲಿಲ್ಲ. ಗಂಡ ನಗದಿದ್ದುದನ್ನು ಕಂಡು ಅವಳಿಗೂ ಹೆದರಿಕೆಯಾಯಿತು. "ತಮಾಷೆಗಂದೆ," ಎಂದು ಪಕ್ಕದಲ್ಲಿ ಕೂತಳು.

ಮರುದಿನ ಸಂಜೆ ಹುಡುಗಿ ಕನ್ನಡಿಯ ಮುಂದೆ ಬಂದು ಕೂತಳು. ಅವಳು ರಂಗ ಏರುವುದು ಇದೇ ಮೊದಲು. ಮೊಣಕಾಲು ನಡುಗಿ ಮೇಜಿನ ಮೇಲಿನ ಡಬ್ಬಿಗಳು ಗಲಗಲ ಎನ್ನುತ್ತಿದ್ದವು. ಮಾಮನ ಬೆವರಿದ ಬೆರಳಿನಿಂದ ಕುಂಚ ಜಾರುತ್ತಿತ್ತು.

"ಮಾಮ, ಬೇಗ ನನ್ ಮುಖ ಮುಚ್ಚಿಬಿಡಿ. ರಾಣಿ ಆದ್ರೂ ಪರವಾಗಿಲ್ಲ."

ಮುಳುಗುವವನಿಗೆ ಸಿಕ್ಕ ಹಗ್ಗದಂತೆ ಮಾಮ ಆ ಮಾತನ್ನು ಹಿಡಿದುಕೊಂಡ. ಬಿಲ್ಲಿನ ಹುಬ್ಬು, ಕೆಂಪು ಕೆನ್ನೆ, ನೀಳ ಕಣ್ಣು. ನೋಡನೋಡುತ್ತಲೇ ರಾಣಿ ಬಂದು ಕೂತಳು. ಅವನ ಉಸಿರು ಹಗುರವಾಯಿತು. ಹುಡುಗಿಯ ನಡುಕವೂ ನಿಂತಿತು. ಕನ್ನಡಿಯಲ್ಲಿ ರಾಣಿಯರು ನಗುವಂತೆಯೇ ನಕ್ಕಳು.

ಮಾಮನಿಗೆ ನಿಜವಾದ ಭಯ ಹುಟ್ಟಿದ್ದು ಆಗ. ಈಗಷ್ಟೇ ಇಲ್ಲಿ ನಡುಗುತ್ತಿದ್ದ ಹುಡುಗಿ ಎಲ್ಲಿ ಹೋದಳು? ಬಾಗಿಲು ಬಡಿದರೆ ಈ ರಾಣಿ ಹೆದರದೆ ಆಳನ್ನು ಕಳಿಸಿಯಾಳು, ಅಷ್ಟೇ. ಎಣ್ಣೆ ಬಟ್ಟೆ ತೆಗೆದುಕೊಂಡು ಒಂದೇ ಸಮನೆ ಒರೆಸಿಬಿಟ್ಟ.

"ಅಯ್ಯೋ ಮಾಮ, ಚೆನ್ನಾಗಿತ್ತಲ್ಲ."

"ಚೆನ್ನಾಗಿತ್ತು ಮಗಳೇ. ನೀನಿರ್ಲಿಲ್ಲ."

ಇನ್ನು ಆಸರೆಯೇ ಇರಲಿಲ್ಲ. ಮಾಮ ನೋಡಿದ. ಒಂದು ಕಣ್ಣು ಕೊಂಚ ಚಿಕ್ಕದು. ಕೆಳತುಟಿಯಲ್ಲಿ ತಾನೇ ಕಚ್ಚಿಕೊಂಡ ಗುರುತು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಇಂಥವನ್ನೆಲ್ಲ ಮರೆಮಾಡುವುದೇ ಇಷ್ಟು ದಿನ ಅವನ ಕಸುಬಾಗಿತ್ತು. ಈಗ ಆ ಕಪ್ಪಿನ ಮೇಲೆಯೇ ಬೆರಳಿನಿಂದ ಇನ್ನಷ್ಟು ಕಪ್ಪು ತೀಡಿದ. ಚಿಕ್ಕ ಕಣ್ಣನ್ನು ಚಿಕ್ಕದಾಗಿಯೇ ಬಿಟ್ಟ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಕಾಲಿಗೆ ನೆಲ ಸಿಗುತ್ತದೋ ಇಲ್ಲವೋ ಎಂಬಂತೆ ಪ್ರತಿ ಸಲವೂ ಬೆರಳು ಅಳುಕುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂದು ಹೇಳುವವರಿಲ್ಲ. ನಾಟಕದ ಮೊದಲ ಗಂಟೆ ಹೊಡೆಯಿತೆಂದು ನಿಲ್ಲಿಸಿದ.

ನಿರ್ದೇಶಕಿ ಬಂದು ಹುಡುಗಿಯ ಮುಖವನ್ನು ಬಗ್ಗಿ ನೋಡಿದಳು. "ಯಾರು ಮಾಮ ಇದು?"

"ಗೊತ್ತಿಲ್ಲ ಮೇಡಂ." ಕಸುಬಿನಲ್ಲಿ ಈ ಮಾತನ್ನು ಅವನು ಎಂದೂ ಆಡಿದವನಲ್ಲ.

ಅವಳು ತಲೆಯಾಡಿಸಿ, ಬಾಗಿಲು ಬಡಿಯುವ ಪಾತ್ರದ ಹಳೆಯ ನಟನನ್ನು ಕರೆದಳು. "ನೀವೂ ಕೂತ್ಕೊಳ್ಳಿ. ಇವರದೂ ಮಾಡಿ ಮಾಮ. ನಾಳೆಯಿಂದ ಎಲ್ಲರದೂ."

ವರ್ಷಗಟ್ಟಲೆ ಮಾಮನ ಕೈಯಲ್ಲಿ ಖಳನಾಗಿದ್ದವನು ಕುರ್ಚಿಯಲ್ಲಿ ಕುಕ್ಕರಿಸಿದ. "ಕೂಡುಹುಬ್ಬು ಹಾಕಯ್ಯಾ, ಮುಗಿಸು."

"ತಡಿ. ನಿನ್ನ ನೋಡ್ಬೇಕು."

"ಇಷ್ಟು ವರ್ಷ ಏನು ನೋಡ್ತಿದ್ದೆ?"

ಕೆಲಸ ಉಳಿಯಿತೆಂದು ಮಾಮನ ಮನಸ್ಸಿಗೆ ತಿಳಿದಿತ್ತು. ಕೈಗೆ ಮಾತ್ರ ತಿಳಿದಿರಲಿಲ್ಲ, ಎಲ್ಲಿಂದ ಶುರು ಮಾಡಲೆಂದು ಅದು ಅಳುಕುತ್ತಲೇ ಇತ್ತು. ಇನ್ನು ದಿನಾ ಸಂಜೆ ಹೀಗೇ ಎಂದುಕೊಂಡು, ದೀಪವನ್ನು ಗೆಳೆಯನ ಮುಖದ ಹತ್ತಿರಕ್ಕೆ ಎಳೆದ.