ಮೂರು ದಿನ, ಸದ್ದಿಲ್ಲದ ಜಾಗ

ವಾರದ ಕೊನೆಗೆ ಸಾಲಾಗಿ ಮೂರು ದಿನ ರಜೆ ಬಂದರೆ ಜನ ಹಿಗ್ಗುತ್ತಾರೆ. ಕಿವಿ ಮೇಷ್ಟ್ರಿಗೆ ಮಾತ್ರ ಎದೆ ಧಸಕ್ಕೆಂದಿತು.

ಗುರುವಾರ ಸಂಜೆ ಕೆಲಸದಿಂದ ಬಂದು, ಕೈಗೆ ಮೆತ್ತಿದ್ದ ಗ್ರೀಸ್ ತೊಳೆದು ಊಟದ ಮೇಜಿನ ಮುಂದೆ ಕೂತಿದ್ದರಷ್ಟೆ. ಹೆಂಡತಿ ಫೋನ್ ಹಿಡಿದುಕೊಂಡು ಎದುರಿಗೆ ಬಂದು ಕೂತಳು.

"ರೀ, ಈ ಸಲ ಎಲ್ಲಾದರೂ ಹೋಗೋಣ. ನಾವಿಬ್ಬರೇ. ಗಲಾಟೆ ಇಲ್ಲದ ಕಡೆ."

ಮದುವೆಯಾಗಿ ಹತ್ತೊಂಬತ್ತು ವರ್ಷ. ಮಕ್ಕಳಾಗಲಿಲ್ಲ, ಅದರ ದುಃಖವನ್ನು ಇಬ್ಬರೂ ಎಂದೋ ಅತ್ತು ಮುಗಿಸಿದ್ದರು. "ನಿಮಗೇನಪ್ಪ, ಶಾಲೆಯಾ ಪರೀಕ್ಷೆಯಾ, ಬ್ಯಾಗ್ ಹೆಗಲಿಗೆ ಹಾಕ್ಕೊಂಡ್ರೆ ಆಯ್ತು" ಎಂದು ಮೇಷ್ಟ್ರ ತಂಗಿ ಪ್ರತಿ ರಜೆಗೂ ಕೆಣಕುತ್ತಿದ್ದಳು. ಆದರೆ ಆ ಬ್ಯಾಗ್ ಒಂದು ಸಲವೂ ಅಟ್ಟದಿಂದ ಕೆಳಗಿಳಿದಿರಲಿಲ್ಲ. ಮೇಷ್ಟ್ರದು ಲಿಫ್ಟ್ ರಿಪೇರಿ ಕೆಲಸ. ಜನ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುವುದಕ್ಕೂ ರಜೆಯ ದಿನವನ್ನೇ ಆರಿಸಿಕೊಳ್ಳುತ್ತಾರೆ.

ಮೇಷ್ಟ್ರು ಅಂದೆನಲ್ಲ, ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಲಿಫ್ಟಿನ ಒಳಗೆ ನಿಂತು ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗಿ ಬಂದರೆ ಸಾಕು, ಎಲ್ಲಿ ಏನು ಕೆಟ್ಟಿದೆ ಅಂತ ಕಿವಿಯಿಂದಲೇ ಹೇಳಿಬಿಡುತ್ತಿದ್ದರು. ಬೇರೆಯವರು ಅರ್ಧ ದಿನ ಬಿಚ್ಚಿ ಹುಡುಕುವ ತೊಂದರೆಯನ್ನು ಇವರು ಎರಡು ನಿಮಿಷದಲ್ಲಿ ಹಿಡಿಯುತ್ತಿದ್ದರು. ಜೊತೆಯ ಕೆಲಸಗಾರರು ಕೊಟ್ಟ ಬಿರುದು, ಕಿವಿ ಮೇಷ್ಟ್ರು. ಇಪ್ಪತ್ತೆಂಟು ವರ್ಷದ ದುಡಿಮೆಯಲ್ಲಿ ಅವರು ಎದೆಯುಬ್ಬಿಸಿ ಹೇಳಿಕೊಳ್ಳಬಹುದಾದ ಆಸ್ತಿ ಅದೊಂದೇ.

ಆ ಆಸ್ತಿ ಕರಗಿ ವರ್ಷದ ಮೇಲಾಗಿತ್ತು. ಮೊದಲು ಹೋಗಿದ್ದು ಕೈಗಡಿಯಾರದ ಅಲಾರಂ. "ಅದನ್ನ ಆರಿಸ್ರೀ, ಆಗಿನಿಂದ ಹೊಡ್ಕೋತಾ ಇದೆ" ಎಂದು ಹೆಂಡತಿ ಮಗ್ಗುಲಲ್ಲಿ ಗೊಣಗಿದಾಗ ಮೇಷ್ಟ್ರು ಗಡಿಯಾರವನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಏನೂ ಇಲ್ಲ. ಆಮೇಲೆ ಹಕ್ಕಿಗಳು ಹೋದವು. ದಪ್ಪ ಸದ್ದೆಲ್ಲ ಕೇಳುತ್ತಿತ್ತು. ಬಾಗಿಲು ಬಡಿದದ್ದು, ಗಂಡಸರ ಮಾತು, ಬಸ್ಸು. ಸಣ್ಣ, ಚೂಪು ಸದ್ದುಗಳು ಒಂದೊಂದಾಗಿ ಕೈಬಿಟ್ಟಿದ್ದವು. ಲಿಫ್ಟು ಕೆಡುವ ಮೊದಲು ಮಾಡುವುದು ಇಂಥ ಸಣ್ಣ ಸದ್ದನ್ನೇ.

ಯಾರಿಗಾದರೂ ಹೇಳಿಕೊಳ್ಳೋಣ ಅಂದರೆ ಮನೆಯಲ್ಲಿರುವವಳು ಯಾರು? ಕಿವಿ ಪರೀಕ್ಷೆ ಮಾಡುವವಳು. ಊರಿನ ಒಂದು ಕ್ಲಿನಿಕ್ಕಿನಲ್ಲಿ, ಸದ್ದು ನುಗ್ಗದ ಗಾಜಿನ ಕೋಣೆಯೊಳಗೆ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿಸಿ ಗ್ರಾಫ್ ತೆಗೆಯುವುದು ಅವಳ ಉದ್ಯೋಗ. ಲಿಫ್ಟ್ ಕಂಪನಿಯವರ ವರ್ಷದ ಪರೀಕ್ಷೆಯೂ ಅಲ್ಲೇ. ಹೊಸದಾಗಿ ಮದುವೆಯಾದಾಗ ಅವಳು ಗಂಡನ ಮೇಲೆಯೇ ಕೈ ಪಳಗಿಸಿಕೊಂಡಿದ್ದಳು. ಎಷ್ಟು ಹೊತ್ತಿಗೆ ಸದ್ದು ಬಿಡುತ್ತಾಳೆ, ಎಷ್ಟು ಹೊತ್ತು ತಡೆಯುತ್ತಾಳೆ ಎನ್ನುವುದು ಮೇಷ್ಟ್ರಿಗೆ ಬಾಯಿಪಾಠ. ಕಳೆದ ವರ್ಷ ಆ ಲೆಕ್ಕದ ಮೇಲೆಯೇ ಬಟನ್ ಒತ್ತಿ ಪಾಸಾಗಿ, ಹೆಂಡತಿಯ ಕಣ್ಣಿಗೆ ಮಣ್ಣೆರಚಿದೆ ಅಂತ ಬೀಗಿದ್ದರು. ಈ ವರ್ಷದ ಪರೀಕ್ಷೆ ರಜೆ ಮುಗಿದ ಮಾರನೇ ದಿನ.

ಅದಕ್ಕೇ ಹೆದರಿಕೆ. ಮನೆಯಲ್ಲಾದರೆ ಪಕ್ಕದವರ ಟಿವಿ, ರಸ್ತೆಯ ಹಾರ್ನ್ ಇವೆ. ಕೇಳಿಸದಿದ್ದರೆ ತಪ್ಪನ್ನು ಅವುಗಳ ಮೇಲೆ ಹಾಕಬಹುದು. ಗಲಾಟೆ ಇಲ್ಲದ ಕಡೆ ಮೂರು ದಿನ ಅವಳ ಎದುರು ಕೂತರೆ ಯಾರ ಮೇಲೆ ಹಾಕುವುದು?

"ಸಮುದ್ರಕ್ಕೆ ಹೋಗೋಣ" ಅಂದರು ಮೇಷ್ಟ್ರು, ಥಟ್ಟನೆ.

"ನಿಮಗೆ ಮರಳು ಅಂದ್ರೆ ಆಗಲ್ಲ."

"ಜಲಪಾತ?"

"ಅಲ್ಲಿ ಮಾತಾಡಿದ್ದೇ ಕೇಳಲ್ಲ."

ಕೇಳಬಾರದು ಅಂತಲೇ ತಾನೆ ಮಾರಾಯ್ತಿ ಅಷ್ಟು ದೂರ ಹೋಗುವುದು ಎಂದು ಮೇಷ್ಟ್ರು ಮನಸ್ಸಿನಲ್ಲೇ ಅಂದುಕೊಂಡರು. ದೋಣಿ ಸವಾರಿ, ಜಾತ್ರೆಯಂತೆ ಜನ ನೆರೆಯುವ ಪಾರ್ಕು, ರಾತ್ರಿಯಿಡೀ ರೈಲು, ಬಾಯಿಗೆ ಬಂದದ್ದೆಲ್ಲ ಹೇಳಿದರು. ಹೆಂಡತಿ ಒಂದೊಂದಕ್ಕೂ ಬೇಡ ಅಂತ ತಲೆಯಾಡಿಸಿ, ಕೊನೆಗೆ ಫೋನನ್ನು ಅವರ ಮುಂದೆ ಹಿಡಿದಳು. ಗುಡ್ಡದ ಮೇಲೊಂದು ಪುಟ್ಟ ಮನೆ. ಟಿವಿ ಇಲ್ಲ, ಫೋನ್ ಸಿಗ್ನಲ್ ಇಲ್ಲ, ಹತ್ತಿರದ ಮನೆಗೆ ಅರ್ಧ ಗಂಟೆ ನಡಿಗೆ. ಜಗಲಿಯಲ್ಲಿ ಎರಡೇ ಕುರ್ಚಿ.

"ಎಷ್ಟು ಚೆನ್ನಾಗಿದೆ ನೋಡಿ. ಒಂದು ಸದ್ದೂ ಇರಲ್ವಂತೆ."

ಮೇಷ್ಟ್ರು ಫೋನನ್ನು ಪಕ್ಕಕ್ಕೆ ಸರಿಸಿದರು. "ನಾಳೆ ಹೇಳ್ತೀನಿ" ಎಂದು ಎದ್ದುಬಿಟ್ಟರು.

ಮಾರನೇ ದಿನ ಬೆಳಿಗ್ಗೆ ಐದು ಮಹಡಿಯ ಹಳೇ ಕಟ್ಟಡವೊಂದರ ಮುಂದೆ ಹಾದುಹೋಗುವಾಗ ಮೂರನೇ ಮಹಡಿಯ ಅಜ್ಜಿ ಗೇಟಿನ ಬಳಿಯೇ ಹಿಡಿದುಕೊಂಡರು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಒಂದೂ ಬಿಡದೆ ಗಮನಿಸುವ ಜೀವ.

"ಏನಪ್ಪಾ, ಹದಿನೈದು ದಿನದಿಂದ ನಮ್ಮ ಲಿಫ್ಟು ಸಣ್ಣಗೆ ಕೀರಲು ದನಿ ತೆಗೀತಾ ಇದೆ. ಹೋದ ವಾರ ನೀವೇ ಬಂದು ನೋಡಿದ್ರಿ. ಎಲ್ಲ ಸರಿಯಿದೆ ಅಂತ ಪುಸ್ತಕದಲ್ಲಿ ಬರೆದು ಹೋದ್ರಿ. ನನಗೇ ಕಿವಿ ಕೆಟ್ಟಿತಾ ಅಂದ್ಕೊಂಡೆ."

ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ. ತಾರಸಿಯ ಮೆಷಿನ್ ಕೋಣೆಗೆ ಹತ್ತಿ, ಲಿಫ್ಟ್ ನಿಲ್ಲಿಸಿ, ಹಗ್ಗ ಸುತ್ತುವ ದೊಡ್ಡ ಗಾಲಿಯ ಪಕ್ಕಕ್ಕೆ ಕೈ ಇಟ್ಟರು. ಸುಡುತ್ತಿತ್ತು. ಬಿಚ್ಚಿ ನೋಡಿದರೆ ಬೇರಿಂಗಿನ ಗುಂಡುಗಳು ಸವೆದು ಬೂದುಬಣ್ಣದ ಪುಡಿಯಾಗಿದ್ದವು. ಇನ್ನೊಂದು ವಾರ, ಬಹಳ ಅಂದರೆ ಎರಡು. ಆಮೇಲೆ ಗಾಲಿ ತಿರುಗದೆ ಬಿಗಿದುಕೊಳ್ಳುತ್ತಿತ್ತು. ಆಗ ಒಳಗೆ ಯಾರಿರುತ್ತಿದ್ದರೋ! ಆ ಅಜ್ಜಿಯೇ ಇರಬಹುದಿತ್ತು.

ಹೊಸ ಬೇರಿಂಗ್ ತರಿಸಿ ಹಾಕಿ ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ಮೇಷ್ಟ್ರು ತಾರಸಿಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದರು. ಈ ಊರಿನಲ್ಲಿ ಅವರ ಸಹಿ ನಂಬಿಕೊಂಡು ಮೇಲೆ ಕೆಳಗೆ ಓಡಾಡುವ ಲಿಫ್ಟುಗಳು ಮೂವತ್ತೊಂದು. ಒಂದು ಹದಿನೈದು ದಿನ ಕಿರುಚಿಕೊಂಡರೂ ಅವರಿಗೆ ತಿಳಿಯಲಿಲ್ಲ. ಉಳಿದ ಮೂವತ್ತರಲ್ಲಿ ಎಷ್ಟು ಕಿರುಚುತ್ತಿವೆಯೋ ಯಾರಿಗೆ ಗೊತ್ತು? ಇದುವರೆಗೆ ಕೆಲಸ ಹೋದೀತು, ಹೆಸರು ಹೋದೀತು ಅಂತ ಹೆದರಿದ್ದರು. ಆ ಹೆದರಿಕೆ ಈಗ ನಾಚಿಕೆಗೇಡು ಅನ್ನಿಸಿತು.

ಸಂಜೆ ಮನೆಗೆ ಬಂದಾಗ ಬ್ಯಾಗ್ ಅಟ್ಟದಿಂದ ಇಳಿದಿತ್ತು. ಹೆಂಡತಿ ಸ್ವೆಟರ್ ಮಡಚುತ್ತಿದ್ದಳು. "ಗುಡ್ಡದ ಮನೇನೇ ಬುಕ್ ಮಾಡಿಬಿಡ್ಲಾ?" ಅಂದಳು.

ಮೇಷ್ಟ್ರು ಬೂಟು ಸಹ ಬಿಚ್ಚಲಿಲ್ಲ. "ನನಗೆ ಕಿವಿ ಕೇಳಿಸ್ತಾ ಇಲ್ಲ. ಸಣ್ಣ ಸದ್ದು ಯಾವುದೂ ಕೇಳಿಸ್ತಾ ಇಲ್ಲ. ನಿನಗೆ ಮೋಸ ಮಾಡಿ ಪಾಸಾದೆ" ಅಂದುಬಿಟ್ಟರು.

ಹೆಂಡತಿ ಸ್ವೆಟರ್ ಕೆಳಗಿಟ್ಟಳು.

"ಗೊತ್ತಿತ್ತು" ಅಂದಳು. "ಮಧ್ಯೆ ನಾನು ಸದ್ದು ಬಿಡೋದನ್ನೇ ನಿಲ್ಲಿಸಿ ನೋಡಿದೆ ರೀ. ಆಗಲೂ ನೀವು ಬಟನ್ ಒತ್ತುತ್ತಾ ಇದ್ರಿ. ಸರಿಯಾಗಿ ನನ್ನ ಲೆಕ್ಕಕ್ಕೆ."

"ಗೊತ್ತಿದ್ದೂ ಪಾಸ್ ಅಂತ ಸಹಿ ಹಾಕಿದೆಯಾ?"

"ಹಾಕಿದೆ. ಗಾಜಿನ ಆಚೆ ಕೂತ್ಕೊಂಡು ಪರೀಕ್ಷೆ ಬರೆಯೋ ಮಗು ಥರ ಅಷ್ಟು ಶ್ರದ್ಧೆಯಿಂದ ಒತ್ತುತ್ತಾ ಇದ್ರಿ. ನಿಲ್ಲಿಸಿ ಅನ್ನೋಕೆ ಬಾಯೇ ಬರಲಿಲ್ಲ. ಅವತ್ತಿನಿಂದ ನೀವು ಬಾಗಿಲು ದಾಟಿದ್ರೆ ವಾಪಸ್ ಬರೋವರೆಗೂ ನನ್ನ ಜೀವ ಕೈಯಲ್ಲಿರುತ್ತೆ. ಪರೀಕ್ಷೆ ಮತ್ತೆ ಬಂತು. ಇನ್ನೊಂದು ಸಲ ಸುಳ್ಳು ಸಹಿ ಹಾಕೋ ಧೈರ್ಯ ನನಗಿಲ್ಲ. ಅದಕ್ಕೇ ಆ ಗುಡ್ಡ. ಅಲ್ಲಿ ನೀವು ತಪ್ಪಿಸ್ಕೊಂಡು ಓಡೋಕೆ ಒಂದು ಲಿಫ್ಟೂ ಇಲ್ಲ."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಕೂಗಾಡಬೇಕು ಅನ್ನಿಸಿತು. ಆದರೆ ಇಬ್ಬರಲ್ಲಿ ಯಾರ ತಪ್ಪು ದೊಡ್ಡದು ಅಂತ ತೂಗುವ ಮುಖ ಅವರಿಗಿರಲಿಲ್ಲ. ಅಜ್ಜಿಯ ಲಿಫ್ಟಿನ ಸಂಗತಿ ಹೇಳಿದರು. ಹೆಂಡತಿಯ ಮುಖ ಬಿಳಿಚಿಕೊಂಡಿತು. ಅವಳ ಸಹಿಯೂ ಆ ಲಿಫ್ಟಿನ ಮೇಲಿತ್ತು.

ಮೇಷ್ಟ್ರು ಅಲ್ಲೇ ನಿಂತು ಸೂಪರ್‌ವೈಸರಿಗೆ ಫೋನ್ ಹಚ್ಚಿದರು. ಆತ ಮೊದಲು ಗಹಗಹಿಸಿ ನಕ್ಕ. "ಕಿವಿ ಮೇಷ್ಟ್ರಿಗೇ ಕಿವಿ ಹೋಯ್ತಾ? ರಜೆ ಬೇಕು ಅಂದ್ರೆ ನೆಟ್ಟಗೆ ಕೇಳಿ ಸ್ವಾಮಿ!" ತಮಾಷೆಯಲ್ಲ ಅಂತ ತಿಳಿದ ಮೇಲೆ ದನಿ ಇಳಿಯಿತು. "ನೋಡಿ, ಎಲ್ರೂ ರಜೆ ಮೇಲೆ ಹೊರಟಿದ್ದಾರೆ. ಮಂಗಳವಾರಕ್ಕೆ ಮುಂಚೆ ಒಂದು ಆಳೂ ಸಿಗಲ್ಲ. ಮೂವತ್ತು ಲಿಫ್ಟು ಸುಮ್ನೆ ನಿಲ್ಲಿಸಿದ್ರೆ ಜನ ನನ್ನ ಚರ್ಮ ಸುಲೀತಾರೆ. ಕೆಟ್ಟಿದ್ದು ಕಂಡ್ರೆ ನಿಲ್ಲಿಸಿ."

"ಕಾಣೋದಲ್ಲ, ಕೇಳೋದು" ಅಂದರು ಮೇಷ್ಟ್ರು. ಅಷ್ಟರಲ್ಲಿ ಆತ ಫೋನ್ ಇಟ್ಟಿದ್ದ.

ಹೆಂಡತಿ ಬ್ಯಾಗಿನಿಂದ ಸ್ವೆಟರುಗಳನ್ನು ತೆಗೆದು ಕಪಾಟಿಗೆ ಹಾಕಿದಳು.

"ನನಗೆ ಕೇಳಿಸುತ್ತಲ್ಲ" ಅಂದಳು.

ಹೀಗೆ ಅವರ ಪ್ರವಾಸ ಹೊರಟಿತು. ಒಂದು ಟಾರ್ಚು, ಮೇಷ್ಟ್ರ ಸಲಕರಣೆ ಚೀಲ, ಎರಡು ಬಾಟಲಿ ನೀರು. ಪ್ರತಿ ಕಟ್ಟಡದಲ್ಲೂ ಹೆಂಡತಿ ಲಿಫ್ಟಿನ ಮೂಲೆಗೆ ನಿಂತು ಕಣ್ಣು ಮುಚ್ಚುವಳು. ಮೇಷ್ಟ್ರು ಗೋಡೆಗೆ ಅಂಗೈ ಒತ್ತಿ ಅವಳ ಮುಖವನ್ನೇ ನೋಡುವರು. ಮೇಲೆ, ಕೆಳಗೆ, ಮತ್ತೆ ಮೇಲೆ. ಅವಳ ಹುಬ್ಬು ಕೊಂಚ ಅಲುಗಿದರೂ ಇವರ ಕೈ ಲಿಫ್ಟ್ ನಿಲ್ಲಿಸುವ ಬಟನ್ನಿಗೆ ಹೋಗುತ್ತಿತ್ತು. "ಇಲ್ಲ, ಅದು ಫ್ಯಾನು" ಎನ್ನುವಳು. ಉಸಿರು ಬಿಡುವರು. ಎದುರಾದವರೊಬ್ಬರು "ಏನ್ ಮೇಷ್ಟ್ರೇ, ರಜೆಗೆ ಎಲ್ಲೂ ಹೋಗ್ಲಿಲ್ವಾ?" ಅಂದರು. "ಹೊರಟಿದ್ದೀವಲ್ಲ, ಎಂಟನೇ ಮಹಡಿಗೆ" ಅಂದಳು ಹೆಂಡತಿ. ಆ ಎರಡು ದಿನದಲ್ಲಿ ಇಬ್ಬರೂ ನಕ್ಕದ್ದು ಅದೊಂದೇ ಸಲ.

ಹದಿನೇಳನೆಯದು ಭಾನುವಾರ ಮಧ್ಯಾಹ್ನ ಬಂತು. ಇಳಿಯುತ್ತಿರುವಾಗ, ಆರು ಮತ್ತು ಐದನೇ ಮಹಡಿಯ ನಡುವೆ ಹೆಂಡತಿ ಕಣ್ಣು ತೆರೆದು ಗಂಡನ ತೋಳನ್ನು ಬಿಗಿಯಾಗಿ ಹಿಡಿದಳು.

"ಇಲ್ಲಿ."

ಮೇಷ್ಟ್ರು ಇದ್ದಬದ್ದ ಶಕ್ತಿಯನ್ನೆಲ್ಲ ಕಿವಿಗೆ ತಂದರು. ಅವರ ಪಾಲಿಗೆ ಲಿಫ್ಟು ಬೆಣ್ಣೆಯಂತೆ ನುಣ್ಣಗೆ ಇಳಿಯುತ್ತಿತ್ತು. "ಜೋರಾಗಿದೆಯಾ?"

"ತುಂಬಾ ಜೋರಾಗಿದೆ ರೀ. ಇಳಿಯೋಣ, ಮೊದಲು ಇಳಿಯೋಣ."

ಐದನೇ ಮಹಡಿಯಲ್ಲಿ ಹೊರಗೆ ಬಂದರು. ಒಳಗೆ ಹೋಗಲು ಕಾದಿದ್ದ ದಂಪತಿಯನ್ನು ಮೇಷ್ಟ್ರು ಕೈ ಅಡ್ಡ ಹಿಡಿದು ತಡೆದರು. ಮೇಲೆ ಹೋಗಿ ಕರೆಂಟ್ ತೆಗೆದರು. ಹಿಂತಿರುಗಿ ಬಂದು ಬಾಗಿಲಿಗೆ ‘ಲಿಫ್ಟ್ ಕೆಟ್ಟಿದೆ’ ಎಂಬ ಬೋರ್ಡು ನೇತುಹಾಕಿದರು. ಆ ದಂಪತಿ ಗೊಣಗುತ್ತಾ ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲಿಳಿದರು.

ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು. ಹೆಂಡತಿ ಪಕ್ಕದಲ್ಲಿ ಕೂತಳು. ಅಕ್ಕಪಕ್ಕ ಯಾರೂ ಇಲ್ಲ, ಕಟ್ಟಡವೆಲ್ಲ ತಣ್ಣಗಿತ್ತು.

"ಆ ಸದ್ದು ಹೇಗಿತ್ತು? ಒಂದು ಸಲ ಬಾಯಲ್ಲಿ ಮಾಡಿ ತೋರಿಸು" ಅಂದರು.

ಅವಳು ಮುಖ ಅವರ ಕಡೆ ತಿರುಗಿಸಿದಳು. ಹಲ್ಲು ಕಚ್ಚಿ ತುಟಿ ಬಿಗಿದಳು. ಮೇಷ್ಟ್ರು ಉಸಿರು ಬಿಗಿಹಿಡಿದು ಕಾದರು, ಕಾದೇ ಕಾದರು.

"ಹೂಂ, ಮಾಡು" ಅಂದರು.

ಅವಳು ಆಗಲೇ ಮಾಡಿ ಮುಗಿಸಿದ್ದಳು.