ಸಗಣಿಗೂ ಟಿಕೆಟ್

ಗೆಳತಿಯರೇ, ಇವತ್ತು ಮ್ಯಾಟಿನಿಗೆಂದು ಇಳಕಲ್ ಸೀರೆ ಉಟ್ಟು ನಿಂತಿದ್ದ ನನ್ನನ್ನು ಯಜಮಾನರು ಪುಣೆಯ ಹೊರಗಿನ ಮಾದರಿ ತೋಟಕ್ಕೆ ಕರೆದೊಯ್ದರು. ಅಲ್ಲಿ ಒಲೆಗೂ ಬೆಳೆಗೂ ಸಗಣಿಯೇ ಸಾಕಂತೆ; ಅದನ್ನು ನೋಡಲು ಟಿಕೆಟ್! ಗೋಬರ್ ಗ್ಯಾಸ್ ತೊಟ್ಟಿಯ ಮುಂದೆ ಗೈಡ್, “ಸಗಣಿ ಯಾರು ಕಲಸ್ತೀರಿ?” ಎಂದು ಮರಾಠಿಯಲ್ಲಿ ಕೇಳಿದ. ನಮ್ಮ ಜೊತೆ ಬಂದಿದ್ದ, ಪುಣೆ ಪೇಟೆಯ ಸದಾಶಿವ ಪೇಠದ ಹೆಂಗಸರೆಲ್ಲ ಮೂಗಿಗೆ ಸೆರಗು ಒತ್ತಿಕೊಂಡರು. ಇವರು ನನ್ನನ್ನು ಮುಂದಕ್ಕೆ ತಳ್ಳಿ, “ಹೋಗು, ಹಳ್ಳಿಯಾಗ ಬೆಳದಾಕಿ, ನಿನಗ ರೂಢಿ ಅದ” ಎಂದರು. ಮೊಣಕೈವರೆಗೆ ಕಲಸಿದೆ. “ವಾ ವಹಿನಿ!” ಎಂದು ನನ್ನನ್ನು ಅತ್ತಿಗೆ ಮಾಡಿಕೊಂಡ ಗೈಡ್ ಎಲ್ಲರಿಂದ ಚಪ್ಪಾಳೆ ತಟ್ಟಿಸಿದ.

ಬಸ್ಸಿನಲ್ಲಿ ಇವರು ಬೀಗುತ್ತ, “ಹೆಂಗಾತು ಟ್ರಿಪ್?” ಎಂದರು.

“ಭಾಳ ಚಲೋ ಆತ್ರಿ,” ಎಂದೆ.

ಎಮ್ಮೆ ಕಟ್ಟಿದ ಮನೆಯ ವರನನ್ನು ಒಲ್ಲೆನೆಂದು ಪುಣೆಯ ಈ ಗುಮಾಸ್ತರನ್ನು ಮದುವೆಯಾದದ್ದೇ ಸಗಣಿ ತಪ್ಪಲೆಂದು. ಆ ಎಮ್ಮೆ ಮನೆಗೇ ಸೊಸೆಯಾಗಿ ಹೋಗಿದ್ದರೆ ಟಿಕೆಟ್ಟಾದರೂ ಉಳಿಯುತ್ತಿತ್ತು.