ದುಖಾನಿನಲ್ಲಿ ನನ್ನ ಹುಟ್ಟುಹಬ್ಬ

ಚರಿತ್ರೆಯು ಮನುಕುಲಕ್ಕೆ ದಾರಿದೀಪವೆಂದು ನಾನು ಕುಂದಾಪುರದ ಕಡೆಯ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಬೋಧಿಸಿದ್ದೇನೆ. ದಾರಿದೀಪಕ್ಕೂ ಗೇಟ್ ಪಾಸ್ ಬೇಕೆಂಬುದು ದುಖಾನಿಗೆ ಹೋದ ಮೇಲೆ ತಿಳಿಯಿತು.

ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ಮರುವರ್ಷದ ಚಳಿಗಾಲ. ಅಲ್ಲಿನ ಮದೀನತ್ ಖಲೀಫಾ ಬಡಾವಣೆಯಲ್ಲಿದ್ದ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗನಿಗೆ ಕನ್ನಡ ಕಲಿಸುವುದು ಉದ್ದೇಶ. ಅವನು ನನ್ನ ಇಂಗ್ಲಿಷನ್ನು ತಿದ್ದಿದ್ದು ಫಲ. ಅಲ್ಲಿನ ನಮ್ಮ ಕರಾವಳಿಯವರು ಆಗಾಗ ಒಂದೆಡೆ ಸೇರಿ, ಊರಿನ ಚರಿತ್ರೆ ಸಂಸ್ಕೃತಿಗಳ ಮೇಲೆ ಯಾರಿಂದಲಾದರೂ ಉಪನ್ಯಾಸ ಮಾಡಿಸುವ ಪರಿಪಾಠವಿತ್ತು. ಆ ಸಲದ ಬಲಿ ನಾನು. ವಿಷಯ, ಕುಂದಾಪುರದ ಬಳಿ ಹೊಳೆಯ ದಡದಲ್ಲಿರುವ ಬಸರೂರಿನ ಹಳೆಯ ಬಂದರು. ಸ್ಥಳ, ಪಶ್ಚಿಮ ತೀರದ ಎಣ್ಣೆ ಊರಾದ ದುಖಾನ್.

ಶುಕ್ರವಾರ ಊಟ ಮುಗಿಸಿ ವಾಮನ ಶೆಟ್ಟರ ಕಾರಿನಲ್ಲಿ ಹೊರಟೆವು. ಶೆಟ್ಟರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜ್ ಇಟ್ಟವರು. ಉಪನ್ಯಾಸಗಳ ಏರ್ಪಾಟೆಲ್ಲ ಅವರದೇ. ದಾರಿ ಸುಮಾರು ಎಂಬತ್ತು ಕಿಲೋಮೀಟರು. ಗಾಳಿಯೆದ್ದು ಮರಳು ರಸ್ತೆಗೆ ಅಡ್ಡಲಾಗಿ ಹಾವಿನಂತೆ ಹರಿಯುತ್ತಿತ್ತು. ನಡುವೆ ಪೆಟ್ರೋಲ್ ಬಂಕಿನಲ್ಲಿ ರಿಯಾಲಿಗೊಂದು ಲೋಟ ಏಲಕ್ಕಿ ಚಹಾ ಕುಡಿಯುವಾಗ ಶೆಟ್ಟರು ಗಂಟಲು ಸರಿಮಾಡಿಕೊಂಡರು.

"ಸರ್, ಒಂದು ಸಣ್ಣ ವಿಷಯ ಉಂಟು. ಹಾಲ್ ಸಿಕ್ಕಿದ್ದು ಭಾಷಣಕ್ಕಲ್ಲ, ಬರ್ತ್‌ಡೇ ಪಾರ್ಟಿಗೆ."

"ಯಾರ ಬರ್ತ್‌ಡೇ?"

"ಜೆರಾಲ್ಡನ ಮಗಳದ್ದು. ನಿಜವಾಗಿ ಅವಳದ್ದು ಜೂನ್‌ನಲ್ಲಿ. ಎಂತ ಮಾಡುವುದು ಮಾರಾಯ್ರೆ? ಭಾಷಣ ಅಂದ್ರೆ ಪರ್ಮಿಶನ್ನಿಗೆ ಅರ್ಜಿ ದೋಹಾಕ್ಕೆ ಹೋಗ್ಬೇಕು. ಅಷ್ಟರಲ್ಲಿ ನಿಮ್ಮ ವೀಸಾ ಖಲಾಸ್."

ಶಿರ್ವದ ಜೆರಾಲ್ಡ್ ಡಿಸೋಜ ಎಣ್ಣೆ ಕಂಪನಿಯ ಗುಮಾಸ್ತ. ವಾಸ ಕಂಪನಿಯ ಕ್ವಾರ್ಟರ್ಸ್‌ನಲ್ಲಿ; ಹಾಲ್ ಕೂಡ ಅದರದೇ. ಸುಳ್ಳು ಹೊರಬಿದ್ದರೆ ಅವರ ಮನೆ, ಕೆಲಸ ಎರಡೂ ಹೋಗುತ್ತವೆ ಎಂದು ಶೆಟ್ಟರು ಹವಾಮಾನ ವರದಿಯ ಧಾಟಿಯಲ್ಲಿ ತಿಳಿಸಿದರು. ಆಮೇಲೆ ಚಹಾ ರುಚಿಸಲಿಲ್ಲ.

ಕಂಪನಿಯ ಗೇಟಿನಲ್ಲಿ ಕಾರಿನ ಡಿಕ್ಕಿ ತೆರೆಸಿದರು. ಒಳಗೆ ಹಣ್ಣಿನ ಬುಟ್ಟಿ, ಜರಿ ಶಾಲು, ಮೈಸೂರು ಪೇಟ. ಕಾವಲುಗಾರ ಪೇಟವನ್ನು ಎತ್ತಿ ನೋಡಿ, ನನ್ನ ತಲೆಯನ್ನೂ ನೋಡಿ, ಒಳಗೆ ಬಿಟ್ಟ.

ಹಾಲಿನಲ್ಲಿ ಅರುವತ್ತು ಜನ ಸೇರಿದ್ದರು. ಮೇಜಿನ ಮೇಲೆ ಮಗಳ ಹೆಸರು ಬರೆದ ಕೇಕು. ಮಗಳು ಮಾತ್ರ ಇರಲಿಲ್ಲ. ಬಂದರಿನ ಚರಿತ್ರೆ ಎಂದು ಕೇಳಿದೊಡನೆ ಗೆಳತಿಯ ಮನೆಗೆ ಓದಲು ಹೋಗಿದ್ದಳಂತೆ. ಜೆರಾಲ್ಡರು ಮಂಡಕ್ಕಿಯಂತೆ ಬಿಳಿಚಿಕೊಂಡಿದ್ದರು.

"ಶಾಲು ಮಾತ್ರ ಬೇಡ ಶೆಟ್ರೆ, ಕೈ ಮುಗೀತೇನೆ. ಭಾಷಣ ಮಾಡಿ ಹೋಗ್ಲಿ."

"ಅಷ್ಟು ದೂರದಿಂದ ಕರ್ಕೊಂಡು ಬಂದು ಬರೀ ಮೈಯಲ್ಲಿ ಕಳಿಸ್ಲಿಕ್ಕೆ ಆಗ್ತದಾ? ಮರ್ಯಾದೆ ಅಂತ ಒಂದು ಉಂಟಲ್ಲ!"

ಪ್ರಾಣ ಹೋಗುವ ಸಂದರ್ಭದಲ್ಲೂ ಸನ್ಮಾನ ಬಿಡುವ ಜಾತಿ ನಮ್ಮದಲ್ಲ. ಸ್ವಾಗತವಾಯಿತು, ನನ್ನ ಪರಿಚಯವಾಯಿತು, ಶಾಲು ಹೊದಿಸಿದರು. ಶೆಟ್ಟರು ಪೇಟವನ್ನು ಎತ್ತಿ ಹಿಡಿದಿದ್ದಾಗ ಬಾಗಿಲು ತೆರೆಯಿತು. ಭದ್ರತಾ ಅಧಿಕಾರಿ, ಹಿಂದೆ ಒಬ್ಬ ಗಾರ್ಡ್.

"ಯಾರದು ಹುಟ್ಟುಹಬ್ಬ?" ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು. ಶೆಟ್ಟರು ಪೇಟವನ್ನು ನನ್ನ ತಲೆಗೆ ಒತ್ತಿ, "ಇವರದ್ದು! ಜೆರಾಲ್ಡನ ಮಾವ!" ಎಂದರು. ಹಣೆಗೆ ಗಂಧ ಹಚ್ಚಿದ್ದ ನಾನು ಹೀಗೆ ಡಿಸೋಜರ ಮಾವನಾದೆ. ನನ್ನ ಆ ಕ್ಷಣದ ಮಗಳು, ಎಂದರೆ ಜೆರಾಲ್ಡರ ಹೆಂಡತಿ, ಕೇಕಿನಲ್ಲಿ ಹೆಸರಿದ್ದ ಭಾಗವನ್ನೇ ಕತ್ತರಿಸಿ ನನ್ನ ಬಾಯಿಗೆ ತುರುಕಿದರು.

ಅಧಿಕಾರಿ ಮುಂದಿನ ಸಾಲಿನಲ್ಲಿ ಕುಳಿತು, ಹಿರಿಯರು ಎರಡು ಮಾತಾಡಲಿ ಎಂದು ಗಾರ್ಡನ್ನು ತೋರಿಸಿದರು. "ಇವನು ರಾಘವನ್, ಕಾಸರಗೋಡಿನವನು. ನಿಮ್ಮ ಭಾಷೆ ಬರುತ್ತದೆ, ನನಗೆ ಹೇಳುತ್ತಾನೆ."

ನನ್ನ ತಲೆಯಲ್ಲಿದ್ದುದು ಬಸರೂರು ಒಂದೇ. ಕೇಕು ನುಂಗಿ, ಆ ಬಂದರೇ ನಾನೆಂಬಂತೆ ಎದ್ದುನಿಂತೆ.

"ನಾನು ಹುಟ್ಟಿದ್ದು ಹೊಳೆಯ ದಡದಲ್ಲಿ. ಪ್ರಾಯದಲ್ಲಿ ನನ್ನ ಹತ್ತಿರ ಹಡಗಿನವರು ಬರುತ್ತಿದ್ದರು. ನಾನು ಅಕ್ಕಿ ಕೊಡುತ್ತಿದ್ದೆ, ಅವರು ಕುದುರೆ ತರುತ್ತಿದ್ದರು. ಈ ಕಡಲಿನವರೂ ನನ್ನ ಮನೆಗೆ ಬಂದು ಉಂಡವರೇ."

ಸಭೆ ಮೊದಲು ಕಂಗಾಲಾಯಿತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದು ಕೆಮ್ಮಿದರು. ಕೆಮ್ಮು ಮುಂದಕ್ಕೆ ಹಬ್ಬಿತು. ಧೈರ್ಯ ಬಂದು, "ನಡುವಯಸ್ಸಿನಲ್ಲಿ ಪೋರ್ಚುಗೀಸರು ನನಗೆ ಬಹಳ ಕಾಟ ಕೊಟ್ಟರು" ಎಂದುಬಿಟ್ಟೆ. ರಾಘವನ್ ತಟ್ಟನೆ ತಲೆಯೆತ್ತಿ ನನ್ನನ್ನೇ ನೋಡಿದ. ಜೆರಾಲ್ಡರು ಕುರ್ಚಿಯನ್ನು ಹಿಡಿದುಕೊಂಡರು.

"ಏನಂತೆ?" ಎಂದರು ಅಧಿಕಾರಿ.

ರಾಘವನ್ ಹಿಂದಿಯಲ್ಲಿ ಹೇಳಿದ: "ನೆರೆಮನೆಯವರ ಜೊತೆ ಜಗಳ ಇತ್ತಂತೆ ಸಾಬ್. ಜಾಗದ ತಕರಾರು."

ಹೊಳೆಯಲ್ಲಿ ಹೂಳು ತುಂಬಿ ನನ್ನನ್ನು ಕೇಳುವವರಿಲ್ಲದಂತಾಯಿತು ಎಂಬಲ್ಲಿಗೆ ನಿಲ್ಲಿಸಿದೆ. ಅಧಿಕಾರಿ ಮರುಕದಿಂದ ನನ್ನ ಕೈ ಕುಲುಕಿ, ನೂರು ವರ್ಷ ಬಾಳಿ ಎಂದು ಹರಸಿ, ಕೇಕು ತಿಂದು ಹೊರಟರು. ರಾಘವನ್ ಬಾಗಿಲಲ್ಲಿ ಒಂದು ಗಳಿಗೆ ಹಿಂದುಳಿದ.

"ಸರ್, ಮುಂದಿನ ಸಲ ಹುಟ್ಟುವಾಗ ನಮ್ಮ ಕುಂಬಳೆಯಲ್ಲಿ ಹುಟ್ಟಿ. ಅಲ್ಲಿಗೂ ಹಡಗು ಬರ್ತಿತ್ತು."

ಹಿಂತಿರುಗುವಾಗ ಗಾಳಿ ನಿಂತಿತ್ತು. ಶೆಟ್ಟರು ದಾರಿಯುದ್ದಕ್ಕೂ ವಂದನಾರ್ಪಣೆ ಬಿಟ್ಟುಹೋದದ್ದಕ್ಕೆ ಪೇಚಾಡಿದರು. ತೀರದ ಎಣ್ಣೆ ಬಾವಿಗಳಲ್ಲಿ ಅನಿಲ ಉರಿಸುವ ಬೆಂಕಿ ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತಾ ಹೋಯಿತು.

ಜೆರಾಲ್ಡರ ಮನೆಯೂ ಕೆಲಸವೂ ಉಳಿದವು. ಆ ಹಾಲಿನಲ್ಲಿ ಮತ್ತೆ ಉಪನ್ಯಾಸ ನಡೆಯಲಿಲ್ಲ.